ಕಲ್ಲಂಗಡಿ ಬಳ್ಳಿಗೆ ಜಾಗ ಎಷ್ಟು? ಯೂರಿಯಾ ಎಷ್ಟು?



ಇವತ್ತು ನಾವು ಕಲ್ಲಂಗಡಿಯ ಬಗ್ಗೆ ಮಾತಾಡೋಣ. ತಿನ್ನುವ ಮಾತಲ್ಲ, ಬೆಳೆಯುವ ಮಾತು.

ನಾವು ಕೃಷಿ ಪಂಡಿತರಲ್ಲ. ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಸಂಜೆ ನಿಮ್ಮ ಜೊತೆ ಕೂತು ಅಕ್ಷರ, ಅಂಕಿ ಓದುವವರು. ಮಣ್ಣು ನಿಮಗೆ ಗೊತ್ತು. ಮಳೆ, ಗಾಳಿ ನಿಮಗೆ ಗೊತ್ತು. ನಮಗೆ ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ಗೊತ್ತು. ನಿಮ್ಮ ತಿಳಿವಳಿಕೆಗೆ ಈ ಲೆಕ್ಕವನ್ನು ಕೂಡಿಸಿದರೆ ಹೊಲದಲ್ಲಿ ದುಡ್ಡು ಉಳಿಯುತ್ತದೆ. ಅದಕ್ಕೇ ಈ ಮಾತು.

ಕಲ್ಲಂಗಡಿ ಮೂರು ತಿಂಗಳ ಬೆಳೆ. ಬೇಸಿಗೆಯಲ್ಲಿ ಕೈಗೆ ಕಾಸು ಬರುತ್ತದೆ ಅಂತ ತುಂಬ ಜನ ಹಾಕುತ್ತಾರೆ. ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಹಾಕುತ್ತಾರೆ. ಬಯಲು ಸೀಮೆಯಲ್ಲಿ ಬೋರಿನ ನೀರು ನಂಬಿ ಹಾಕುತ್ತಾರೆ. ಹೊಳೆ ಮರಳಲ್ಲಿ ಗುಣಿ ತೆಗೆದು ಹಾಕುವವರೂ ಇದ್ದಾರೆ.

ಆದರೆ ಹಾಕೋಕೆ ಮೊದಲೇ ಖರ್ಚು ಶುರು. ಬೀಜ ಕೊಳ್ಳಬೇಕು. ಹನಿ ನೀರಾವರಿ ಪೈಪು ಬೇಕು. ಕೆಲವರು ಮಲ್ಚಿಂಗ್ ಹಾಳೆ ಹಾಸುತ್ತಾರೆ. ಆಮೇಲೆ ಗೊಬ್ಬರ, ಔಷಧಿ, ಕೂಲಿ. ಎಷ್ಟೋ ಮನೆಯಲ್ಲಿ ಈ ದುಡ್ಡು ಕೈಸಾಲ. ಇಲ್ಲವಾದರೆ ಅಕ್ಕನ ಕೊರಳಿನ ಸರ ಗಿರವಿಗೆ ಹೋಗಿರುತ್ತದೆ. ಬೆಳೆ ಕೈಕೊಟ್ಟರೆ ಸರ ವಾಪಸ್ಸು ಬರೋದಿಲ್ಲ.

ಮಳೆ ನಮ್ಮ ಕೈಲಿಲ್ಲ. ಮಾರುಕಟ್ಟೆ ಧಾರಣೆಯೂ ನಮ್ಮ ಕೈಲಿಲ್ಲ. 2020ರ ಬೇಸಿಗೆಯಲ್ಲಿ ಕೊರೊನಾ ಲಾಕ್‌ಡೌನ್ ಬಂತು. ಹಣ್ಣು ಹೊಲದಲ್ಲಿ ಕೊಳೆಯಿತು, ಕೊಳ್ಳುವವರೇ ಬರಲಿಲ್ಲ. ಅದು ಯಾರ ತಪ್ಪೂ ಅಲ್ಲ. ಆದರೆ ಎರಡು ಸಂಗತಿ ನಮ್ಮ ಕೈಯಲ್ಲೇ ಇವೆ. ಒಂದು, ಗಿಡಕ್ಕೂ ಗಿಡಕ್ಕೂ ನಡುವೆ ಬಿಡುವ ಜಾಗ. ಇನ್ನೊಂದು, ಹಾಕುವ ಯೂರಿಯಾ. ಈ ಎರಡನ್ನೂ ಲೆಕ್ಕ ಹಾಕಿಯೇ ಮಾಡಬಹುದು.

ಬಳ್ಳಿಯ ಸ್ವಭಾವ

ಕಲ್ಲಂಗಡಿ ನಮ್ಮ ಸೌತೆ, ಕುಂಬಳ, ಹೀರೆಯ ಜಾತಿಗೆ ಸೇರಿದ್ದು. ಇದರ ತವರು ಆಫ್ರಿಕಾ ಖಂಡ. ಬಿಸಿಲು ಅಂದರೆ ಇದಕ್ಕೆ ಪ್ರೀತಿ. ಬಳ್ಳಿ ನೆಲದ ಮೇಲೆ ಹಬ್ಬುತ್ತದೆ. ಜಾಗ ಸಿಕ್ಕರೆ ಹತ್ತು ಅಡಿ ಹರಿಯುತ್ತದೆ.

ಹಣ್ಣಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಹಾಗಾದರೆ ಸಿಹಿ ಎಲ್ಲಿಂದ ಬರುತ್ತದೆ? ಎಲೆಯಿಂದ. ಎಲೆ ಬಿಸಿಲು ಕುಡಿದು ಸಕ್ಕರೆ ಮಾಡುತ್ತದೆ. ಆ ಸಕ್ಕರೆ ಬಳ್ಳಿಯಲ್ಲಿ ಹರಿದು ಹಣ್ಣಿಗೆ ಹೋಗುತ್ತದೆ. ಎಲೆ ಬೇಕು. ಎಲೆಗೆ ಬಿಸಿಲೂ ಬೇಕು. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಕೂತರೆ ಕೆಳಗಿನ ಎಲೆಗೆ ಬಿಸಿಲಿಲ್ಲ. ಅದು ದುಡಿಯೋದಿಲ್ಲ, ಬರೀ ತಿನ್ನುತ್ತದೆ.

ಇನ್ನೊಂದು ಸಂಗತಿ. ಕಲ್ಲಂಗಡಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಂಥ ಪುಟ್ಟ ಕಾಯಿ ಇರುತ್ತದೆ. ಗಂಡು ಹೂವಿಗೆ ಅದಿಲ್ಲ. ಗಂಡು ಹೂವು ಮೊದಲು ಬರುತ್ತದೆ, ಬಹಳ ಬರುತ್ತದೆ. ಹೆಣ್ಣು ಹೂವು ಆಮೇಲೆ ಬರುತ್ತದೆ, ಕಡಿಮೆ ಬರುತ್ತದೆ. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಅಷ್ಟರೊಳಗೆ ಜೇನ್ನೊಣ ಬರಬೇಕು, ಅದೂ ಹಲವು ಸಲ ಬರಬೇಕು. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಬೇಕು. ಮುಟ್ಟದಿದ್ದರೆ ಹೀಚು ಒಣಗಿ ಉದುರುತ್ತದೆ. ಅರ್ಧಂಬರ್ಧ ಮುಟ್ಟಿದರೆ ಹಣ್ಣು ಸೊಟ್ಟ ಬೆಳೆಯುತ್ತದೆ.

ಈ ಎರಡು ಮಾತು ನೆನಪಿರಲಿ. ಎಲೆಗೆ ಬಿಸಿಲು ಬೇಕು. ಹೂವಿಗೆ ಜೇನು ಬೇಕು. ಜಾಗಕ್ಕೂ ಯೂರಿಯಾಕ್ಕೂ ಈ ಮಾತಿಗೂ ನಂಟು ಇದೆ.

ಗುಂಟೆಗೆ ಎಷ್ಟು ಗಿಡ?

ಈಗ ಪುಸ್ತಕ, ಪೆನ್ಸಿಲ್ ತೆಗೀರಿ. ಲೆಕ್ಕ ಮಾಡೋಣ.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 33ನ್ನು 33ರಿಂದ ಗುಣಿಸಿದರೆ 1089. ಅಂದರೆ ಗುಂಟೆಗೆ 1089 ಚದರ ಅಡಿ. 40 ಗುಂಟೆ ಸೇರಿದರೆ ಒಂದು ಎಕರೆ.

ಸಾಲಿಂದ ಸಾಲಿಗೆ 8 ಅಡಿ ಬಿಟ್ಟೆವು ಅನ್ನಿ. ಗಿಡದಿಂದ ಗಿಡಕ್ಕೆ 3 ಅಡಿ, ಅಂದರೆ ಎರಡು ಮೊಳ. ಒಂದು ಗಿಡಕ್ಕೆ ಎಷ್ಟು ಜಾಗ ಆಯ್ತು? 8ನ್ನು 3ರಿಂದ ಗುಣಿಸಿ. 24 ಚದರ ಅಡಿ. 1089ನ್ನು 24ರಿಂದ ಭಾಗಿಸಿ. ಗುಂಟೆಗೆ 45 ಗಿಡ. ಎಕರೆಗೆ 45ನ್ನು 40ರಿಂದ ಗುಣಿಸಿ. 1800 ಗಿಡ.

ಈಗ ಸಾಲಿಂದ ಸಾಲಿಗೆ 6 ಅಡಿ, ಅಂದರೆ ಒಂದು ಮಾರು. ಗಿಡದಿಂದ ಗಿಡಕ್ಕೆ 2 ಅಡಿ. 6ನ್ನು 2ರಿಂದ ಗುಣಿಸಿದರೆ 12. ಗುಂಟೆಗೆ 90 ಗಿಡ. ಎಕರೆಗೆ 3600 ಗಿಡ.

ಇನ್ನೂ ಒತ್ತಾಗಿ ಹಾಕಿದರೆ? ಸಾಲು 6 ಅಡಿ, ಗಿಡ 1 ಅಡಿ. ಒಂದು ಗಿಡಕ್ಕೆ 6 ಚದರ ಅಡಿ ಮಾತ್ರ. ಗುಂಟೆಗೆ ಸುಮಾರು 180 ಗಿಡ. ಎಕರೆಗೆ 7200 ಗಿಡ.

ನೋಡಿದಿರಾ? ಹೊಲ ಅದೇ. ಅಂತರ ಬದಲಾದರೆ ಗಿಡದ ಲೆಕ್ಕ ಎರಡರಷ್ಟು, ನಾಲ್ಕರಷ್ಟು ಆಗುತ್ತದೆ. ಬೀಜದ ಖರ್ಚೂ ಹಾಗೇ ಏರುತ್ತದೆ.

ಹತ್ತಿರ ಹಾಕಿದರೆ ಏನು? ದೂರ ಹಾಕಿದರೆ ಏನು?

ಒಂದು ಮನೆ ಅನ್ನಿ. ಒಲೆ ಮೇಲೆ ಒಂದು ಪಾತ್ರೆ ಅನ್ನ. ಉಣ್ಣುವವರು ನಾಲ್ಕು ಜನ ಇದ್ದರೆ ಎಲ್ಲರಿಗೂ ಹೊಟ್ಟೆ ತುಂಬ. ಎಂಟು ಜನ ಬಂದರೆ ಹಂಚಿಕೊಂಡು ಉಣ್ಣಬಹುದು. ಹದಿನಾರು ಜನ ಬಂದರೆ ಎಲ್ಲರಿಗೂ ಅರೆಹೊಟ್ಟೆ. ಹೊಲವೂ ಹಾಗೇ. ಮಣ್ಣಿನ ಸಾರ, ನೀರು, ಬಿಸಿಲು ಇಷ್ಟೇ ಅಂತ ಇರುತ್ತದೆ. ಗಿಡಗಳು ಅದನ್ನು ಹಂಚಿಕೊಳ್ಳುತ್ತವೆ.

ದೂರ ಹಾಕಿದರೆ ಒಂದು ಗಿಡಕ್ಕೆ ಹಣ್ಣು ಹೆಚ್ಚು, ಹಣ್ಣಿನ ತೂಕವೂ ಹೆಚ್ಚು. ಆದರೆ ಎಕರೆಗೆ ಗಿಡವೇ ಕಡಿಮೆ. ನಡುವೆ ಖಾಲಿ ನೆಲ ಉಳಿದರೆ ಕಳೆ ಬೆಳೆಯುತ್ತದೆ. ಬಿಸಿಲೂ ವ್ಯರ್ಥ.

ಹತ್ತಿರ ಹಾಕಿದರೆ ಒಂದೊಂದು ಗಿಡಕ್ಕೆ ಹಣ್ಣು ಕಡಿಮೆ, ಗಾತ್ರವೂ ಚಿಕ್ಕದು. ಆದರೆ ಗಿಡ ಹೆಚ್ಚಿರುವುದರಿಂದ ಎಕರೆಯ ಒಟ್ಟು ಇಳುವರಿ ಏರುತ್ತದೆ. ಒಂದು ಹಂತದವರೆಗೆ ಮಾತ್ರ ಏರುತ್ತದೆ. ಆಮೇಲೆ ನಿಲ್ಲುತ್ತದೆ. ಬೀಜದ ಖರ್ಚು ಮಾತ್ರ ನಿಲ್ಲೋದಿಲ್ಲ.

ಅರ್ಥವಾಗಲಿ ಅಂತ ಒಂದು ಲೆಕ್ಕ ಇಟ್ಟುಕೊಳ್ಳೋಣ. ಇದು ಯಾರ ಹೊಲದ ಲೆಕ್ಕವೂ ಅಲ್ಲ, ಹಲಗೆ ಮೇಲಿನ ಲೆಕ್ಕ.

8 ಅಡಿ, 3 ಅಡಿ ಹಾಕಿದವರಿಗೆ 1800 ಗಿಡ. ಗಿಡಕ್ಕೆ 2 ಹಣ್ಣು. ಹಣ್ಣು 5 ಕಿಲೋ. ಒಟ್ಟು 18,000 ಕಿಲೋ. ಅಂದರೆ 18 ಟನ್.

6 ಅಡಿ, 2 ಅಡಿ ಹಾಕಿದವರಿಗೆ 3600 ಗಿಡ. ಗಿಡಕ್ಕೆ 2 ಹಣ್ಣು. ಹಣ್ಣು 3 ಕಿಲೋ. ಒಟ್ಟು 21,600 ಕಿಲೋ. ಅಂದರೆ ಇಪ್ಪತ್ತೊಂದೂವರೆ ಟನ್‌ಗಿಂತ ಸ್ವಲ್ಪ ಹೆಚ್ಚು.

6 ಅಡಿ, 1 ಅಡಿ ಹಾಕಿದವರಿಗೆ 7200 ಗಿಡ. ಗಿಡಕ್ಕೆ 1 ಹಣ್ಣು. ಹಣ್ಣು ಎರಡೂವರೆ ಕಿಲೋ. ಒಟ್ಟು ಮತ್ತೆ 18 ಟನ್. ಬೀಜ ನಾಲ್ಕರಷ್ಟು ಹೋಯಿತು. ಹಣ್ಣು ಚಿಕ್ಕದಾಯಿತು. ವ್ಯಾಪಾರಿ ಚಿಕ್ಕ ಹಣ್ಣನ್ನು ಪಕ್ಕಕ್ಕೆ ಸರಿಸಿದರೆ ಅದರಲ್ಲೂ ಕಡಿತ.

ಹಾಗಾದರೆ ಯಾವುದು ಸರಿ? ಒಬ್ಬ ಅಜ್ಜ ನಮ್ಮನ್ನು ಕೇಳಿದರು, "ಮೇಷ್ಟ್ರೇ, ಸುತ್ತಿ ಬಳಸಿ ಹೇಳಬ್ಯಾಡ್ರಿ. ಎಷ್ಟು ಅಡಿ ಹಾಕ್ಲಿ, ಅಷ್ಟು ಹೇಳ್ರಿ." ನಾವು ಹೇಳಿದೆವು, "ಅಜ್ಜಾ, ಮೂರು ಪ್ರಶ್ನೆಗೆ ನೀವು ಉತ್ತರ ಹೇಳಿ. ಅಂತರ ತಾನಾಗೇ ಸಿಗುತ್ತದೆ."

ಮೊದಲ ಪ್ರಶ್ನೆ. ತಳಿ ಯಾವುದು? ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಮಾಣಿಕ್ ಎಂಬ ತಳಿ ಕೊಟ್ಟಿದ್ದಾರೆ. ಅದರ ಹಣ್ಣು ದೊಡ್ಡದು, ಸುಮಾರು 6 ಕಿಲೋ. ಅದಕ್ಕೆ ಜಾಗ ಹೆಚ್ಚು ಬೇಕು. ಅವರದೇ ಅರ್ಕಾ ಮುತ್ತು ಎಂಬ ತಳಿ ಇದೆ. ಅದರ ಬಳ್ಳಿ ಗಿಡ್ಡ, ಹಣ್ಣು ಚಿಕ್ಕದು, ಬೇಗ ಬರುತ್ತದೆ. ಅದನ್ನು ಹತ್ತಿರ ಹಾಕಬಹುದು. ಶುಗರ್ ಬೇಬಿ ಎಂಬ ಹಳೆಯ ತಳಿಯದೂ ಚಿಕ್ಕ ಉರುಟು ಹಣ್ಣು. ಅಂಗಡಿಯ ಹೈಬ್ರಿಡ್ ಬೀಜವಾದರೆ ಪೊಟ್ಟಣದ ಮೇಲೆ ಬರೆದದ್ದನ್ನು ಓದಿ.

ಎರಡನೇ ಪ್ರಶ್ನೆ. ನೀರು ಹೇಗೆ? ಹನಿ ನೀರಾವರಿ ಇದ್ದರೆ ಗಿಡದ ಬುಡಕ್ಕೇ ನೀರು, ಗೊಬ್ಬರ ಮುಟ್ಟುತ್ತದೆ. ಸ್ವಲ್ಪ ಹತ್ತಿರ ಹಾಕಬಹುದು. ಕಾಲುವೆಯಲ್ಲಿ ಹಾಯಿಸುವ ನೀರಾದರೆ, ಬೋರು ಸೊರಗುವ ಹೊಲವಾದರೆ, ದೂರ ಹಾಕುವುದೇ ಕ್ಷೇಮ.

ಮೂರನೇ ಪ್ರಶ್ನೆ. ಕೊಳ್ಳುವವರು ಯಾರು? ರಸ್ತೆ ಬದಿ ಕತ್ತರಿಸಿ ಮಾರುವವರಿಗೆ ದೊಡ್ಡ ಹಣ್ಣು ಬೇಕು. ಮನೆಗೆ ಒಯ್ಯುವವರಿಗೆ ಮೂರು ಕಿಲೋ ಸಾಕು. ಬೀಜ ಹಾಕುವ ಮೊದಲೇ ವ್ಯಾಪಾರಿಯನ್ನು ಕೇಳಿ. ಎಷ್ಟು ಕಿಲೋಗಿಂತ ಕೆಳಗಿನದನ್ನು ಒಯ್ಯೋದಿಲ್ಲ ಅಂತ ಕೇಳಿ, ಬರೆದುಕೊಳ್ಳಿ.

ಅಜ್ಜನ ಹತ್ತಿರ ಹೈಬ್ರಿಡ್ ಬೀಜ ಇತ್ತು. ಹನಿ ಪೈಪು ಇತ್ತು. ವ್ಯಾಪಾರಿ ಮೂರು ಕಿಲೋ ಮೇಲಿನದು ಕೇಳಿದ್ದ. "ಹಂಗಾದ್ರೆ ಒಂದು ಮಾರು ಸಾಲು, ಎರಡಡಿ ಗಿಡ ಸರಿ ಹೋಗ್ತದ" ಅಂತ ಅಜ್ಜನೇ ಹೇಳಿದರು.

ಸಾರಜನಕ ಅಂದರೇನು?

ಇನ್ನು ಯೂರಿಯಾದ ಮಾತು. ಗಿಡಕ್ಕೆ ಮುಖ್ಯವಾಗಿ ಮೂರು ಆಹಾರ. ಸಾರಜನಕ, ರಂಜಕ, ಪೊಟ್ಯಾಷ್. ಸಾರಜನಕ ಎಲೆ, ಬಳ್ಳಿ ಬೆಳೆಸುತ್ತದೆ, ಹಸಿರು ಕೊಡುತ್ತದೆ. ರಂಜಕ ಬೇರು ಇಳಿಸಲು ನೆರವಾಗುತ್ತದೆ. ಪೊಟ್ಯಾಷ್ ಹಣ್ಣಿಗೆ ಸಿಹಿ, ಗಟ್ಟಿತನ ಕೊಡಲು ನೆರವಾಗುತ್ತದೆ. ಯೂರಿಯಾದಲ್ಲಿ ಇರೋದು ಸಾರಜನಕ ಒಂದೇ.

ಸಾರಜನಕ ಸಾಲದಿದ್ದರೆ ಏನಾಗುತ್ತದೆ? ಬುಡದ ಹಳೇ ಎಲೆ ಮೊದಲು ಹಳದಿ ಆಗುತ್ತದೆ. ಬಳ್ಳಿ ಸಣಕಲು, ಗಿಡ್ಡ. ಹಣ್ಣು ಚಿಕ್ಕದು. ಹಣ್ಣಿನ ಮೇಲೆ ಎಲೆ ನೆರಳಿಲ್ಲದೆ ಬಿಸಿಲಿಗೆ ಸುಟ್ಟ ಕಲೆ ಬೀಳುತ್ತದೆ.

ಸಾರಜನಕ ಹೆಚ್ಚಾದರೆ? ಇಲ್ಲೇ ಕಣ್ಣು ಮೋಸ ಹೋಗೋದು. ಹೊಲ ಕಡು ಹಸಿರು. ಎಲೆ ತಟ್ಟೆಯಷ್ಟು ಅಗಲ. ದಾರಿಯಲ್ಲಿ ಹೋಗುವವರು "ಎಂಥಾ ಬೆಳೆ!" ಅಂತ ಹೊಗಳುತ್ತಾರೆ. ಎಲೆ ಸರಿಸಿ ನೋಡಿದರೆ ಕಾಯಿಯೇ ಇಲ್ಲ.

ಯಾಕೆ? ಬಳ್ಳಿಗೆ ಬೆಳೆಯುವ ಸೊಕ್ಕು ಬಂದಿರುತ್ತದೆ. ಹೆಣ್ಣು ಹೂವು ತಡವಾಗುತ್ತದೆ, ಕಡಿಮೆಯಾಗುತ್ತದೆ. ದಟ್ಟ ಎಲೆಯೊಳಗೆ ಜೇನಿಗೆ ಹೂವು ಕಾಣೋದಿಲ್ಲ. ಗಾಳಿಯಾಡದೆ ತೇವ ನಿಂತು ಬೂದಿ ರೋಗ, ಎಲೆ ಚುಕ್ಕೆ ರೋಗ ಬರುತ್ತದೆ. ಮೆದು ಎಲೆಗೆ ಹೇನು ಮುತ್ತುತ್ತದೆ. ಹಣ್ಣು ಮಾಗೋದು ತಡ. ಸಿಪ್ಪೆ ದಪ್ಪ, ಸಿಹಿ ಕಡಿಮೆ. ಕೆಲವು ಹಣ್ಣು ನಡುವೆ ಟೊಳ್ಳಾಗುತ್ತದೆ.

ಅತಿಯಾದರೆ ಅಮೃತವೂ ವಿಷ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಭಯವೂ ಇದೆ. ಗಿಡ ತಿನ್ನದೆ ಬಿಟ್ಟ ಸಾರಜನಕ ನೀರಿನ ಜೊತೆ ಕೆಳಗಿಳಿದು ಬಾವಿ, ಬೋರು ಸೇರುತ್ತದೆ. ಅದನ್ನು ನೈಟ್ರೇಟ್ ಅನ್ನುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ದಾಟಿದರೆ ಹಸುಗೂಸುಗಳಿಗೆ ಅಪಾಯ. ಅದು ರುಚಿಯಲ್ಲಿ ಗೊತ್ತಾಗೋದಿಲ್ಲ, ಕುದಿಸಿದರೂ ಹೋಗೋದಿಲ್ಲ. ನಾವು ಹೊಲಕ್ಕೆ ಚೆಲ್ಲಿದ್ದು ಮಗುವಿನ ಲೋಟಕ್ಕೆ ಬರುತ್ತದೆ.

ಚೀಲ ಓದೋಣ

ಗೊಬ್ಬರದ ಚೀಲ ಮುಂದೆ ಇಟ್ಟುಕೊಳ್ಳಿ. ಅದೂ ಒಂದು ಪುಸ್ತಕವೇ.

ಯೂರಿಯಾ ಚೀಲದ ಮೇಲೆ 46 ಎಂಬ ಅಂಕಿ ಹುಡುಕಿ. ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕ ಇದೆ ಅಂತ ಅದರ ಅರ್ಥ. ತೂಕವನ್ನೂ ನೋಡಿ. ಮೊದಲು ಚೀಲ 50 ಕಿಲೋ ಇತ್ತು. 2018ರಿಂದ 45 ಕಿಲೋ ಆಗಿದೆ. ಒಂದು ಚೀಲದಲ್ಲಿ ಸಾರಜನಕ ಸುಮಾರು 20 ಕಿಲೋ 700 ಗ್ರಾಂ. ಗಂಧಕ ಲೇಪಿಸಿದ ಯೂರಿಯಾ ಎಂಬ ಬೇರೆ ಚೀಲವೂ ಇದೆ. ಅದು 40 ಕಿಲೋ, ಅದರ ಅಂಕಿ 37. ಎರಡೂ ಒಂದೇ ಅಂತ ತಿಳಿದರೆ ಲೆಕ್ಕ ತಪ್ಪುತ್ತದೆ. ಚೀಲದ ಮೇಲೆ ಬೆಲೆಯೂ ಅಚ್ಚಾಗಿರುತ್ತದೆ. ಅದನ್ನು ಓದಿಯೇ ದುಡ್ಡು ಕೊಡಿ. ರಸೀತಿ ಕೇಳಿ.

ಡಿಎಪಿ ಚೀಲದ ಮೇಲೆ 18, 46 ಅಂತ ಇರುತ್ತದೆ. ಮೊದಲ ಅಂಕಿ ಸಾರಜನಕ. ಎರಡನೆಯದು ರಂಜಕ. 50 ಕಿಲೋ ಡಿಎಪಿಯಲ್ಲಿ 9 ಕಿಲೋ ಸಾರಜನಕ ಇದೆ. ಮೂರು ಅಂಕಿ ಇರುವ ಚೀಲವಾದರೆ ಮೂರನೆಯದು ಪೊಟ್ಯಾಷ್. ಈ ಸಾಲು ಯಾವ ಚೀಲದಲ್ಲೂ ಬದಲಾಗೋದಿಲ್ಲ. ಮೊದಲ ಅಂಕಿ ಯಾವಾಗಲೂ ಸಾರಜನಕ.

ಈಗ ಎಕರೆಗೆ ಎಷ್ಟು ಬೇಕು? ಅದನ್ನು ಮಣ್ಣು ಹೇಳುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಚೀಟಿ ತೆಗೆದುಕೊಳ್ಳಿ. ಲೆಕ್ಕ ಕಲಿಯೋಕೆ ಎಕರೆಗೆ 40 ಕಿಲೋ ಸಾರಜನಕ ಅಂತ ಇಟ್ಟುಕೊಳ್ಳೋಣ.

ಒಂದು ಚೀಲ ಡಿಎಪಿ ಹಾಕಿದರೆ 9 ಕಿಲೋ ಬಂತು. 40ರಲ್ಲಿ 9 ಕಳೆಯಿರಿ. 31 ಉಳಿಯಿತು. ಒಂದೂವರೆ ಚೀಲ ಯೂರಿಯಾದಲ್ಲಿ ಸುಮಾರು 31 ಕಿಲೋ ಇದೆ. ಒಂದು ಡಿಎಪಿ, ಒಂದೂವರೆ ಯೂರಿಯಾ. ಅಲ್ಲಿಗೆ 40 ಮುಗಿಯಿತು. ಡಿಎಪಿಯಲ್ಲೂ ಸಾರಜನಕ ಇದೆ ಎಂಬುದನ್ನು ಮರೆತು ಎರಡು ಚೀಲ ಯೂರಿಯಾ ಹಾಕಿದರೆ 10 ಕಿಲೋ 400 ಗ್ರಾಂ ಹೆಚ್ಚುವರಿ. ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರದಲ್ಲೂ ಸಾರಜನಕ ಇದೆ. ಕೋಳಿ ಗೊಬ್ಬರದಲ್ಲಿ ಇನ್ನೂ ಹೆಚ್ಚು. ಅದನ್ನು ಧಾರಾಳವಾಗಿ ಹಾಕಿದವರು ಯೂರಿಯಾ ಇಳಿಸಬೇಕು.

ಹಿಡಿ ಲೆಕ್ಕದ ಮೋಸ

ಈಗ ಇವತ್ತಿನ ಮುಖ್ಯ ಮಾತಿಗೆ ಬಂದೆವು. ಜಾಗದ ಲೆಕ್ಕ, ಯೂರಿಯಾದ ಲೆಕ್ಕ ಎರಡೂ ಕೂಡೋದು ಇಲ್ಲೇ.

ನಮ್ಮಲ್ಲಿ ತುಂಬ ಜನ ಯೂರಿಯಾವನ್ನು ಕೈಯಿಂದ ಅಳೆಯುತ್ತಾರೆ. ಗಿಡಕ್ಕೆ ಒಂದು ಹಿಡಿ. ಅಪ್ಪ ಹಾಗೇ ಹಾಕುತ್ತಿದ್ದರು, ನಾವೂ ಹಾಗೇ. ಹಿಡಿಗೆ 50 ಗ್ರಾಂ ಅಂತ ಇಟ್ಟುಕೊಳ್ಳಿ.

ಅಪ್ಪನ ಕಾಲದಲ್ಲಿ ಸಾಲು 8 ಅಡಿ, ಗಿಡ 3 ಅಡಿ ಅನ್ನಿ. 1800 ಗಿಡ. 1800 ಹಿಡಿ ಅಂದರೆ 90 ಕಿಲೋ. ಈಗಿನ ಎರಡು ಚೀಲ. ಅಪ್ಪನ ಲೆಕ್ಕ ಸರಿಯಾಗೇ ಇತ್ತು.

ಮಗ ಹನಿ ಪೈಪು ಹಾಕಿದ. ಸಾಲು 6 ಅಡಿ, ಗಿಡ 2 ಅಡಿ ಮಾಡಿದ. 3600 ಗಿಡ. ಹಿಡಿ ಮಾತ್ರ ಅದೇ. 3600 ಹಿಡಿ ಅಂದರೆ 180 ಕಿಲೋ. ನಾಲ್ಕು ಚೀಲ! ಇನ್ನೂ ಒತ್ತಾಗಿ 1 ಅಡಿಗೆ ಹಾಕಿದವನು 360 ಕಿಲೋ ಹಾಕುತ್ತಾನೆ. ಎಂಟು ಚೀಲ!

ಹೊಲ ಒಂದೇ ಎಕರೆ. ಮಣ್ಣು ಅದೇ. ಗಿಡಕ್ಕೆ ಹಾಕಿದ್ದೂ ಅದೇ ಒಂದು ಹಿಡಿ. ಆದರೂ ಎಕರೆಗೆ ಬಿದ್ದದ್ದು ಎರಡರಷ್ಟು, ನಾಲ್ಕರಷ್ಟು. ಬಳ್ಳಿ ಮೊದಲೇ ಒತ್ತಾಗಿದೆ. ಅದರ ಮೇಲೆ ಯೂರಿಯಾ ಸೊಕ್ಕು. ಎಲೆ ಮೇಲೆ ಎಲೆ. ಬಿಸಿಲಿಲ್ಲ, ಗಾಳಿಯಿಲ್ಲ, ಜೇನಿಲ್ಲ. ರೋಗ ಬಂತು, ಔಷಧಿಗೆ ಮತ್ತೆ ಸಾಲ. ಆಮೇಲೆ "ಬೀಜ ಸರಿಯಿಲ್ಲ" ಅಂತ ಬೀಜವನ್ನು ಬಯ್ಯುತ್ತೇವೆ.

ಅದಕ್ಕೇ ಹೇಳೋದು, ಗೊಬ್ಬರವನ್ನು ಎಕರೆ ಲೆಕ್ಕದಲ್ಲಿ ತೂಗಿ, ಗಿಡಗಳಿಗೆ ಹಂಚಿ. ಒಂದು ಗಿಡಕ್ಕೆ ಇಷ್ಟು ಅಂತ ಶುರು ಮಾಡಬೇಡಿ. ಗಿಡ ಹೆಚ್ಚಿದಾಗ ಗಿಡದ ಪಾಲು ಇಳಿಯಬೇಕು.

"ಹಾಗಾದರೆ ಗಿಡ ಹೆಚ್ಚಾದರೂ ಗೊಬ್ಬರ ಒಂದಿಷ್ಟೂ ಏರಿಸಬಾರದಾ?" ಅಂತ ಕೇಳಬಹುದು. ಇಳುವರಿ ಏರಿದರೆ ಸಾರಜನಕ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಆದರೆ ಗಿಡ ಎರಡರಷ್ಟು ಅಂತ ಗೊಬ್ಬರವೂ ಎರಡರಷ್ಟು ಬೇಕಿಲ್ಲ. ಹತ್ತಿರ ಹಾಕಿದ ಗಿಡ ಚಿಕ್ಕದಾಗೇ ಬೆಳೆಯುತ್ತದೆ, ಅದು ತಿನ್ನೋದೂ ಕಡಿಮೆ.

ಯಾವಾಗ ಹಾಕಬೇಕು? ಹೇಗೆ ಹಾಕಬೇಕು?

ಒಂದೇ ಸಲ ಸುರಿಯಬಾರದು. ಮಗುವಿಗೆ ಮೂರು ಹೊತ್ತಿನ ಊಟ ಬೆಳಿಗ್ಗೆಯೇ ಉಣಿಸುತ್ತೀರಾ?

ನೆಲ ಸಿದ್ಧ ಮಾಡುವಾಗ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ. ಡಿಎಪಿ ಬಿತ್ತನೆಗೆ ಮೊದಲು ಹಾಕಿ ಮಣ್ಣಲ್ಲಿ ಬೆರೆಸಿ. ಪೊಟ್ಯಾಷನ್ನು ಮರೆಯಬೇಡಿ.

ಒಂದೂವರೆ ಚೀಲ ಯೂರಿಯಾವನ್ನು ಮೂರು ಪಾಲು ಮಾಡಿ. ಒಂದು ಪಾಲಿಗೆ ಅರ್ಧ ಚೀಲ. ಗಿಡಕ್ಕೆ ನಾಲ್ಕೈದು ಎಲೆ ಬಂದಾಗ ಮೊದಲ ಪಾಲು. ಬಳ್ಳಿ ಹರಿಯಲು ಶುರುವಾದಾಗ ಎರಡನೇ ಪಾಲು. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಮೂರನೇ ಪಾಲು. ಅಲ್ಲಿಗೆ ನಿಲ್ಲಿಸಿ. ಹಣ್ಣು ಮಾಗುವ ಹೊತ್ತಿಗೆ ಯೂರಿಯಾ ಹಾಕಿದರೆ ಸಿಹಿ ಕೆಡುತ್ತದೆ. ಮರಳು ಮಣ್ಣಾದರೆ ಇನ್ನೂ ಸಣ್ಣ ಸಣ್ಣ ಪಾಲು ಮಾಡಿ, ಮರಳು ಗೊಬ್ಬರ ಹಿಡಿದಿಡೋದಿಲ್ಲ. ಹನಿ ಪೈಪಿನಲ್ಲಿ ಕರಗಿಸಿ ಬಿಡುವವರು ವಾರ ವಾರ ಸ್ವಲ್ಪ ಸ್ವಲ್ಪ ಕೊಡಬಹುದು.

ಅರ್ಧ ಚೀಲವನ್ನು 3600 ಗಿಡಕ್ಕೆ ಹಂಚಿದರೆ ಒಂದು ಗಿಡಕ್ಕೆ ಆರು ಗ್ರಾಂ ಚಿಲ್ಲರೆ. ಚಹಾ ಚಮಚದಲ್ಲಿ ತುಂಬಿ ಒಂದು. ಹಿಡಿ ಎಲ್ಲಿ, ಚಮಚ ಎಲ್ಲಿ! ಅಳತೆಗೆ ಬಾಟಲಿ ಮುಚ್ಚಳ ಬಳಸಿ. ನೂರು ಮುಚ್ಚಳ ಯೂರಿಯಾ ಅಳೆದು ಕಿರಾಣಿ ಅಂಗಡಿಯಲ್ಲಿ ತೂಗಿಸಿ. ಬಂದ ಗ್ರಾಂ ಅನ್ನು ನೂರರಿಂದ ಭಾಗಿಸಿ. ನಿಮ್ಮ ಮುಚ್ಚಳದ ತೂಕ ಗೊತ್ತಾಯಿತು. ಆಮೇಲೆ ಯಾರ ಕೈ ದೊಡ್ಡದು, ಯಾರ ಕೈ ಚಿಕ್ಕದು ಎಂಬ ಜಗಳ ಇಲ್ಲ.

ಬುಡಕ್ಕೆ ತಾಗಿಸಿ ಹಾಕಬೇಡಿ, ಗಿಡ ಸುಡುತ್ತದೆ. ಒಂದು ಗೇಣಿನಷ್ಟು ದೂರದಲ್ಲಿ ಸುತ್ತ ಹಾಕಿ, ಮಣ್ಣು ಮುಚ್ಚಿ, ನೀರು ಕೊಡಿ. ಮೇಲೇ ಬಿಟ್ಟರೆ ಬಿಸಿಲಿಗೆ ಸಾರಜನಕ ಗಾಳಿಯಾಗಿ ಹಾರುತ್ತದೆ. ಗೊಬ್ಬರಕ್ಕೆ ಕೊಟ್ಟ ದುಡ್ಡೇ ಹಾರಿದ ಹಾಗೆ. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಔಷಧಿ ಹೊಡೆಯಬೇಡಿ, ಜೇನು ಸಾಯುತ್ತದೆ. ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ.

ನಿಮ್ಮ ಹೊಲದಲ್ಲೇ ಪರೀಕ್ಷೆ

ನಮ್ಮ ಮಾತು ನಂಬಿ ಇಡೀ ಹೊಲ ಬದಲಾಯಿಸಬೇಡಿ. ಮೂರು ಗುಂಟೆ ಬೇರೆ ಮಾಡಿ. ಮಣ್ಣು ಒಂದೇ ಥರ ಇರಲಿ.

ಮೊದಲ ಗುಂಟೆಯಲ್ಲಿ ನಿಮ್ಮ ಹಳೇ ರೀತಿ. ಎರಡನೆಯದರಲ್ಲಿ ಹಳೇ ಅಂತರ, ಆದರೆ ತೂಗಿದ ಯೂರಿಯಾ. ಮೂರನೆಯದರಲ್ಲಿ ಹೊಸ ಅಂತರ, ತೂಗಿದ ಯೂರಿಯಾ. ಉಳಿದದ್ದೆಲ್ಲ ಒಂದೇ ಇರಲಿ. ಬೀಜ ಒಂದೇ, ನೀರು ಒಂದೇ, ಬಿತ್ತಿದ ದಿನ ಒಂದೇ.

ಪುಸ್ತಕದಲ್ಲಿ ಗೆರೆ ಎಳೆದು ಮನೆ ಮಾಡಿ. ಬಿತ್ತಿದ ದಿನ, ಗಿಡದ ಸಂಖ್ಯೆ, ಯೂರಿಯಾ ಹಾಕಿದ ದಿನ ಮತ್ತು ತೂಕ, ಮೊದಲ ಹೆಣ್ಣು ಹೂವು ಕಂಡ ದಿನ ಬರೆಯಿರಿ. ಹಣ್ಣಿನ ಪಕ್ಕದ ಎಳೆ ಸುರುಳಿ ಒಣಗಿ, ನೆಲಕ್ಕೆ ತಾಗಿದ ಜಾಗ ಹಳದಿಯಾದಾಗ ಕೊಯ್ಯಿರಿ. ಎಷ್ಟು ಹಣ್ಣು, ಎಷ್ಟು ಕಿಲೋ, ವ್ಯಾಪಾರಿ ಬಿಟ್ಟು ಹೋದದ್ದು ಎಷ್ಟು, ಕೈಗೆ ಬಂದ ದುಡ್ಡು ಎಷ್ಟು, ಎಲ್ಲ ಬರೆಯಿರಿ. ಖರ್ಚು ಕಳೆಯಿರಿ. ಯಾವ ಗುಂಟೆ ಗೆದ್ದಿತು ಅಂತ ನಿಮ್ಮ ಅಕ್ಷರವೇ ಹೇಳುತ್ತದೆ.

ಮನೆಯಲ್ಲಿ ಬರೆಯುವ ಕೆಲಸ ಅಕ್ಕಂದಿರು ವಹಿಸಿಕೊಳ್ಳಿ. ಹೊಲದಲ್ಲಿ ಕಳೆ ಕೀಳುವವರು, ಗೊಬ್ಬರ ಹಾಕುವವರು ನೀವೇ. ಲೆಕ್ಕದ ಪುಸ್ತಕವೂ ನಿಮ್ಮ ಕೈಯಲ್ಲಿದ್ದರೆ, ಮುಂದಿನ ಸಲ ಸರ ಗಿರವಿ ಇಡುವ ಮೊದಲು "ಎಷ್ಟು ಚೀಲಕ್ಕೆ? ಯಾಕೆ ಇಷ್ಟು ಚೀಲ?" ಅಂತ ಕೇಳಬಹುದು.

ಸಂಶಯ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕಿಸಾನ್ ಕಾಲ್ ಸೆಂಟರಿಗೆ ಫೋನು ಮಾಡಬಹುದು. ನಂಬರು 1800-180-1551. ದುಡ್ಡು ಬೀಳೋದಿಲ್ಲ. ಕನ್ನಡದಲ್ಲೇ ಮಾತಾಡಿ.

ನೆನಪಿಡಿ

ಸಾಲಿನ ಅಂತರವನ್ನು ಗಿಡದ ಅಂತರದಿಂದ ಗುಣಿಸಿದರೆ ಒಂದು ಗಿಡದ ಜಾಗ.

1089ನ್ನು ಆ ಜಾಗದಿಂದ ಭಾಗಿಸಿದರೆ ಗುಂಟೆಗೆ ಗಿಡ.

ಹತ್ತಿರ ಹಾಕಿದರೆ ಹಣ್ಣು ಚಿಕ್ಕದು, ದೂರ ಹಾಕಿದರೆ ದೊಡ್ಡದು. ಅತಿ ಒತ್ತು ನಷ್ಟ.

ಕಡು ಹಸಿರು ಹೊಲವೆಲ್ಲ ಒಳ್ಳೆ ಬೆಳೆಯಲ್ಲ.

ಚೀಲದ ಮೊದಲ ಅಂಕಿ ಸಾರಜನಕ.

ಗೊಬ್ಬರ ಎಕರೆಗೆ ತೂಗಿ, ಗಿಡಕ್ಕೆ ಹಂಚಿ.

ನೀವೇ ಲೆಕ್ಕ ಮಾಡಿ

1. ಸಾಲು 6 ಅಡಿ, ಗಿಡ 3 ಅಡಿ. ಗುಂಟೆಗೆ ಸುಮಾರು ಎಷ್ಟು ಗಿಡ?

2. ಗಂಗವ್ವನ ಹೊಲ ಅರ್ಧ ಎಕರೆ. ಎಕರೆಗೆ ಒಂದೂವರೆ ಚೀಲ ಯೂರಿಯಾ ಬೇಕು. ಅವಳಿಗೆ ಎಷ್ಟು ಕಿಲೋ ಬೇಕು? ಚೀಲ 45 ಕಿಲೋ.

3. 17, 17, 17 ಎಂದು ಬರೆದ 50 ಕಿಲೋ ಚೀಲದಲ್ಲಿ ಸಾರಜನಕ ಎಷ್ಟು?

ಉತ್ತರ ಬರೆದು ತನ್ನಿ. ಮುಂದಿನ ಸಂಜೆ ಎಲ್ಲರೂ ಕೂಡಿ ತಾಳೆ ನೋಡೋಣ.